ದಂಡವೂ ದಂಡೆಯೂ

ಪೊಲೀಸರ ಕಾವಲಿನಿಂದ ರಸ್ತೆಯ ಸಾವು ತಗ್ಗುವುದೇ? ಈ ಪ್ರಶ್ನೆಗೆ ಶ್ರೀರಂಗಪಟ್ಟಣದ ಹೆದ್ದಾರಿ ಅರ್ಧ ಉತ್ತರವನ್ನು ಕೊಡುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥವು ಮೊದಲ ತಿಂಗಳುಗಳಲ್ಲಿಯೇ ಮೃತ್ಯುಪಥವೆಂಬ ಅಪಖ್ಯಾತಿಗೆ ಗುರಿಯಾಯಿತು. ವೇಗಕ್ಕೆ ಗಂಟೆಗೆ 100 ಕಿಲೋಮೀಟರಿನ ಮಿತಿ ಬಿದ್ದಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು. ಪೊಲೀಸರು ವೇಗ ಅಳೆಯತೊಡಗಿದರು, ಕ್ಯಾಮರಾಗಳು ಕಣ್ಣು ತೆರೆದವು. ಮರುವರ್ಷ ಸಾವುಗಳು ಗಣನೀಯವಾಗಿ ಇಳಿದವು. ಭಯವೂ ಒಮ್ಮೊಮ್ಮೆ ದಯೆಯ ಕೆಲಸ ಮಾಡುತ್ತದೆ.

ಆದರೆ ಪಾಂಡವಪುರ ತಾಲ್ಲೂಕಿನ ಕನಗನಮರಡಿಯನ್ನು ನೆನೆಯಿರಿ. 2018ರ ನವೆಂಬರ್ 24ರಂದು ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಅದೇ ನಾಲೆ ಕಾರಿನೊಡನೆ ಐವರನ್ನು ನುಂಗಿತು. ನಾಲೆಯ ಏರಿಗೆ ಮೊದಲು ಬೇಕಾದುದು ತಡೆಗೋಡೆ. ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿದಾರಿಯ ಪ್ರತಿ ತಿರುವಿನಲ್ಲಿಯೂ ಪೇದೆಯನ್ನು ನಿಲ್ಲಿಸಲಾಗದು; ಅಪಾಯದ ತಿರುವಿನಲ್ಲಿ ಗೋಡೆಯನ್ನು ನಿಲ್ಲಿಸಬಹುದು.

ದಂಡವು ಸವಾರನನ್ನು ತಿದ್ದುತ್ತದೆ. ದಂಡೆಯ ಗೋಡೆಯಾದರೋ ತಿದ್ದಿಕೊಳ್ಳದವನನ್ನೂ, ಅವನನ್ನು ನಂಬಿ ಹಿಂದೆ ಕುಳಿತ ನಿರಪರಾಧಿಯನ್ನೂ ಉಳಿಸುತ್ತದೆ. ಸರಕಾರವು ಮೊದಲನೆಯದರಲ್ಲಿ ತೋರಿದ ಶ್ರದ್ಧೆಯನ್ನು ಎರಡನೆಯದರಲ್ಲಿಯೂ ತೋರಬೇಕು.