ಕಾಶಿಯ ಬೇಲ್, ಕನ್ನಡದ ಬೇಲ

ಬೇಸಿಗೆಯಲ್ಲಿ ಕಾಶೀಯಾತ್ರೆಗೆ ಬರುವ ಕನ್ನಡಿಗರು ಅಲ್ಲಿನ ತಳ್ಳುಗಾಡಿಗಳ ಮುಂದೆ ಒಂದು ಸಣ್ಣ ಗೊಂದಲಕ್ಕೀಡಾಗುವುದುಂಟು. ಮಾರುವವನು ‘ಬೇಲ್ ಕಾ ಶರ್ಬತ್’ ಎಂದು ಕೂಗುತ್ತಾನೆ. ರಾಮನವಮಿಯಂದು ಬೇಲದ ಹಣ್ಣಿನ ಪಾನಕ ಕುಡಿದು ಬಲ್ಲವರು ಅದೇ ಹುಳಿಸಿಹಿಯನ್ನು ನಿರೀಕ್ಷಿಸಿ ಲೋಟವೆತ್ತುತ್ತಾರೆ. ದೊರೆಯುವುದಾದರೋ ಹಳದಿ ಬಣ್ಣದ, ಘಮಘಮಿಸುವ, ಬೇರೆಯೇ ರುಚಿಯ ಪಾನೀಯ. ಹಿಂದಿಯ ಬೇಲ್ ನಮ್ಮ ಬಿಲ್ವ. ನಮ್ಮ ಬೇಲ ಅವರಿಗೆ ಕೈಥಾ, ಸಂಸ್ಕೃತದಲ್ಲಿ ಕಪಿತ್ಥ.

ಆಂಗ್ಲರು ಇವೆರಡಕ್ಕೂ ‘ವುಡ್ ಆ್ಯಪಲ್’ ಎಂದು ಹೆಸರಿಟ್ಟು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದರು. ವಾಸ್ತವವಾಗಿ ಎರಡೂ ಸೇಬಿನ ಬಳಗದವಲ್ಲ, ನಿಂಬೆಯ ಕುಟುಂಬದವು. ನಿಜವಾದ ಕಾಡುಸೇಬು ಹಿಮಾಲಯದ ಚಳಿಯನ್ನು ಬಯಸುವ ಮರ. ಕಾಶಿಯ ಬಿಸಿಗಾಳಿ ಅದಕ್ಕೆ ಒಗ್ಗದು. ಬಿಲ್ವದ ಎಲೆ ಮೂರು ದಳದ್ದು, ಕಾಯಿಯ ಸಿಪ್ಪೆ ನುಣುಪು, ತಿರುಳು ಹಳದಿ. ಬೇಲದ ಕರಟ ಬೂದುಬಣ್ಣದ್ದು, ಒರಟು, ತಿರುಳು ಕಂದು.

ಹೆಸರಿನ ಗೊಂದಲದಿಂದ ಹಾನಿಯೇನೂ ಇಲ್ಲ. ಆದರೆ ಕಾಯಿ ಮತ್ತು ಹಣ್ಣುಗಳ ನಡುವಣ ಗೊಂದಲ ಹಾಗಲ್ಲ. ಯಾತ್ರೆಯಲ್ಲಿ ಹೊಟ್ಟೆ ಕೆಟ್ಟವರಿಗೆ ‘ಬೇಲ್ ಒಳ್ಳೆಯದು’ ಎಂದು ಯಾರೋ ಹೇಳುತ್ತಾರೆ. ಮನೆಯವರು ಮಾಗಿದ ಹಣ್ಣಿನ ಶರಬತ್ತನ್ನು ಕುಡಿಸುತ್ತಾರೆ. ಆಯುರ್ವೇದವು ಅತಿಸಾರಕ್ಕೆ ಹೇಳುವುದು ಎಳೆಯ ಕಾಯಿಯನ್ನು. ಅದರಲ್ಲಿರುವ ಒಗರು ಮಲವನ್ನು ಕಟ್ಟುತ್ತದೆ. ಕಾಯಿಯನ್ನು ಹೋಳುಮಾಡಿ ಒಣಗಿಸಿದ್ದೇ ಅಂಗಡಿಗಳಲ್ಲಿ ಸಿಗುವ ‘ಬೇಲ್‌ಗಿರಿ’. ಮಾಗಿದ ಹಣ್ಣಾದರೋ ಮಲವನ್ನು ಸಡಿಲಿಸುವಂಥದು. ಮಲಬದ್ಧತೆಯಿರುವವರಿಗೆ ಹಿತ, ಭೇದಿಯಾಗುತ್ತಿರುವವರಿಗಲ್ಲ. ಒಂದೇ ಮರದ ಫಲ, ಎರಡು ವಿರುದ್ಧ ಗುಣ! ಹೇಗಿದ್ದರೂ ಭೇದಿಯಲ್ಲಿ ಪ್ರಾಣಾಪಾಯವಿರುವುದು ದೇಹದ ನೀರು ಬತ್ತುವುದರಿಂದ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ್ಗೆ ಕುಡಿಸುವುದೇ ಮೊದಲ ಚಿಕಿತ್ಸೆ. ರಕ್ತ ಕಂಡರೆ, ಮಗು ಮಂಕಾದರೆ ವೈದ್ಯರಲ್ಲಿಗೆ ಧಾವಿಸಬೇಕು. ಇನ್ನು ಬೀದಿಯ ಶರಬತ್ತಿನಲ್ಲಿ ಭಯಪಡಬೇಕಾದದ್ದು ಹಣ್ಣಿಗಲ್ಲ, ಮಂಜುಗಡ್ಡೆಗೆ. ಮನೆಯಲ್ಲಿಯೇ ತಿರುಳನ್ನು ನೀರಿನಲ್ಲಿ ನೆನೆಸಿ, ಬೀಜ ಒಡೆದು ಕಹಿಯಾಗದಂತೆ ಮೃದುವಾಗಿ ಕಿವುಚಿ ಸೋಸಿದರೆ ಆಯಿತು. ಮಧುಮೇಹಿಗಳು ಬೆಲ್ಲ, ಸಕ್ಕರೆ ಬೆರೆಸದಿರುವುದು ಲೇಸು; ಹಣ್ಣೇ ಸಿಹಿ.

ಜಂಗಮವಾಡಿ ಮಠದ ಲಿಂಗಪೂಜೆಗಾಗಲಿ ವಿಶ್ವನಾಥನಿಗಾಗಲಿ ಬೇಕಾಗುವ ಪತ್ರೆಯ ಮರವನ್ನು ಮನೆಯ ಹಿತ್ತಲಲ್ಲಿಯೂ ಬೆಳೆಸಬಹುದು. ಅನೇಕ ಗಿಡಗಳು ಸೊರಗುವ ಚೌಳು ಮಣ್ಣಿನಲ್ಲಿಯೂ ಇದು ಬರುತ್ತದೆ. ನೀರು ಮಾತ್ರ ನಿಲ್ಲಬಾರದು. ಬೀಜದಿಂದ ಬೆಳೆದ ಗಿಡ 8-10 ವರ್ಷಗಳ ಠೇವಣಿ. ಮುಂಗಾರಿನ ಆರಂಭದಲ್ಲಿ ಕಣ್ಣುಕಸಿ ಮಾಡಿದ್ದಾದರೆ 4-5 ವರ್ಷಗಳಲ್ಲಿ ಫಲ ಕೊಡುತ್ತದೆ. ಎಲೆ ಬೇಕಾದವರಿಗೆ ಬೀಜದ ಗಿಡ ಸಾಕು, ಹಣ್ಣು ಬೇಕಾದವರು ಕಸಿಯದನ್ನೇ ಕೊಳ್ಳಬೇಕು. ಫೈಜಾಬಾದಿನ ಬಳಿಯ ಕುಮಾರಗಂಜ್ ಕೃಷಿ ವಿಶ್ವವಿದ್ಯಾಲಯದ ‘ನರೇಂದ್ರ ಬೇಲ್’ ತಳಿಗಳು, ತೆಳುಸಿಪ್ಪೆಯ ‘ಕಾಗಜೀ’ ಬಗೆಗಳು ಉತ್ತರದಲ್ಲಿ ಪ್ರಸಿದ್ಧ. ಮುಳ್ಳು ಮತ್ತು ಬೇರಿನಿಂದ ಏಳುವ ಮರಿಗಳ ಕಾರಣ ಗೋಡೆಯಿಂದ ದೂರ ನೆಡಬೇಕು. ಮಹಾನಗರದ ಮಹಡಿಯ ಮನೆಯಲ್ಲಿ ದೊಡ್ಡ ಕುಂಡದಲ್ಲಿಟ್ಟರೆ ಪೂಜೆಗೆ ಪತ್ರೆ ದೊರೆತೀತು, ಹಣ್ಣಿನ ಆಸೆ ಬೇಡ. ನಿಂಬೆಯ ಚಿಟ್ಟೆಯ ಹುಳು ಎಳೆಚಿಗುರನ್ನು ಮೇಯುತ್ತದೆ. ಗಿಡ ಚಿಕ್ಕದಿರುವಾಗ ಕೈಯಿಂದ ಹೆಕ್ಕಿದರೆ ಸಾಕು.

ಕಾಯಿ ಕಚ್ಚಿದ ಮೇಲೆ ಹಣ್ಣಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬೇಸಿಗೆಯ ಆರಂಭದಲ್ಲಿ ಎಲೆಯೆಲ್ಲ ಉದುರಿ ಬರಿಯ ಕೊಂಬೆಗಳಲ್ಲಿ ಕಾಯಿಗಳಷ್ಟೇ ಜೋತಾಡುತ್ತವೆ. ಹೊಸದಾಗಿ ನೆಟ್ಟವರು ಮರ ಸತ್ತಿತೆಂದು ಬಗೆದು ಬುಡಕ್ಕೆ ಕೊಡಗಟ್ಟಲೆ ನೀರು ಸುರಿಯುವುದು ಆಗಲೇ. ಕೆಲವು ವಾರ ತಾಳಿದರೆ ಚಿಗುರು ತಾನಾಗಿ ಬರುತ್ತದೆ, ಅದರ ಹಿಂದೆಯೇ ಹಸಿರುಬಿಳುಪಿನ, ಕಂಪಿನ ಹೂವೂ.