ಗಿಟಾರ್ ಮತ್ತು ಮ್ಯಾಂಡೊಲಿನ್ ಕೃತಿಗಳ ಕಾಲನಿರ್ಣಯ

ಐರೋಪ್ಯ ಸಂಗೀತದ ಚರಿತ್ರಕಾರರು ಗಿಟಾರ್ ಮತ್ತು ಮ್ಯಾಂಡೊಲಿನ್ ವಾದ್ಯಗಳಿಗೆ ಬಹುಕಾಲ ಗೌಣಸ್ಥಾನವನ್ನೇ ಕೊಟ್ಟರು. ಇವು ಮನೆಯ ವಿನೋದಕ್ಕೆ ತಕ್ಕವೆಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಈ ವಾದ್ಯಗಳ ಕೃತಿಗಳು ಹೇರಳವಾಗಿ ಅಚ್ಚಾಗಿದ್ದರೂ, ಅವು ಯಾವಾಗ ಅಚ್ಚಾದುವು, ಯಾವುದು ಮೊದಲನೆಯದು, ಯಾವುದು ಪುನರ್ಮುದ್ರಣ ಎಂಬ ವಿಚಾರಗಳು ಬಹುಕಾಲ ಇತ್ಯರ್ಥವಾಗದೆ ಉಳಿದುವು.

ಅಲೋನ್ಸೊ ಮುದಾರ್ರನ ಗ್ರಂಥವು ಸ್ಪೇನಿನ ಸೆವಿಲ್ಲೆಯಲ್ಲಿ ೧೫೪೬ರಲ್ಲಿ ಅಚ್ಚಾಯಿತು. ಗಿಟಾರಿಗೆಂದು ಅಚ್ಚಾದ ಕೃತಿಗಳಲ್ಲಿ ಅತಿ ಪ್ರಾಚೀನವಾದುವು ಅದರಲ್ಲಿವೆ. ಆ ಗ್ರಂಥದಲ್ಲಿ ಕಾಲವು ಸ್ಪಷ್ಟವಾಗಿ ನಮೂದಾಗಿದೆ. ಆದರೆ ಗಿಟಾರಿನ ಪ್ರಚಾರವು ಉಚ್ಛ್ರಾಯಕ್ಕೇರಿದ ೧೯ನೆಯ ಶತಮಾನದ ಆರಂಭದ ಪ್ರತಿಗಳಲ್ಲಿ ಸಾಮಾನ್ಯವಾಗಿ ವರ್ಷವೇ ಇರುವುದಿಲ್ಲ. ವರ್ಷವನ್ನು ಕಾಣಿಸಿದರೆ ಸರಕು ಹಳೆಯದೆಂದು ಕೊಳ್ಳುವವರು ಹಿಂದೆಗೆದಾರೆಂಬುದು ವರ್ತಕರ ಎಣಿಕೆ. ಪುಷ್ಪಿಕೆಯಿಲ್ಲದ ಓಲೆಯ ಪ್ರತಿಯ ಕಾಲವನ್ನು ಅನ್ಯಸಾಕ್ಷ್ಯಗಳಿಂದ ನಿರ್ಣಯಿಸುವಂತೆಯೇ ಇವುಗಳ ಕಾಲವನ್ನೂ ನಿರ್ಣಯಿಸಬೇಕಾಗುತ್ತದೆ.

ಅಂತಹ ಸಾಕ್ಷ್ಯಗಳಲ್ಲಿ ಮೊದಲನೆಯದು ತಗಡಿನ ಸಂಖ್ಯೆ. ಆ ಕಾಲದಲ್ಲಿ ಸ್ವರಲಿಪಿಯನ್ನು ಲೋಹದ ತಗಡಿನ ಮೇಲೆ ತಿರುಗುಮುರುಗಾಗಿ ಕೊರೆದು ಅಚ್ಚುಹಾಕುತ್ತಿದ್ದರು. ಒಂದು ಕೃತಿಯ ತಗಡುಗಳು ಮತ್ತೊಂದರವುಗಳೊಡನೆ ಬೆರೆಯದಿರಲೆಂದು ಪ್ರತಿ ಪುಟದ ಅಡಿಯಲ್ಲಿ ಪ್ರಕಾಶಕರು ಒಂದು ಸಂಖ್ಯೆಯನ್ನು ಕೊರೆಯಿಸುತ್ತಿದ್ದರು. ಈ ಸಂಖ್ಯೆಗಳು ಸುಮಾರಾಗಿ ಅನುಕ್ರಮದಲ್ಲಿರುವುದರಿಂದ, ಕಾಲ ತಿಳಿದ ಕೆಲವು ಕೃತಿಗಳ ನೆರವಿನಿಂದ ಉಳಿದವುಗಳ ಕಾಲವನ್ನು ಊಹಿಸಬಹುದು. ಓಟೋ ಎರಿಕ್ ಡಾಯಿಚ್ ೧೯೪೬ರಲ್ಲಿ ಲಂಡನ್ನಿನಲ್ಲಿ ಇಂತಹ ೪೦ ಪಟ್ಟಿಗಳನ್ನು ಪ್ರಕಟಿಸಿದನು. ಆದರೆ ಸಂಖ್ಯೆಯು ತಗಡನ್ನು ಕೊರೆದ ಕಾಲವನ್ನು ಸೂಚಿಸೀತೇ ಹೊರತು, ಕೈಯಲ್ಲಿರುವ ಹಾಳೆಯು ಅಚ್ಚಾದ ಕಾಲವನ್ನಲ್ಲ. ಒಬ್ಬ ಪ್ರಕಾಶಕನ ತಗಡುಗಳನ್ನು ಮತ್ತೊಬ್ಬನು ಕೊಂಡು, ಮುಖಪತ್ರವನ್ನು ಮಾತ್ರ ಬದಲಾಯಿಸಿ, ಎಷ್ಟೋ ವರ್ಷಗಳ ಮೇಲೆ ಮತ್ತೆ ಅಚ್ಚುಹಾಕಿದ್ದುಂಟು. ಆಗ ಮುಖಪತ್ರದಲ್ಲಿರುವ ಅಂಗಡಿಯ ಹೆಸರು ಮತ್ತು ವಿಳಾಸಗಳೇ ದಾರಿ ತೋರಬೇಕು.

ಎರಡನೆಯದು ಪ್ರಕಟಣೆಯ ಜಾಹೀರಾತು. ವಿಯೆನ್ನಾದ ಪ್ರಕಾಶಕರು ‘ವೀನರ್ ತ್ಸೈಟುಂಗ್’ ಪತ್ರಿಕೆಯಲ್ಲಿ ಹೊಸ ಕೃತಿಗಳನ್ನು ಸಾರುತ್ತಿದ್ದರು. ಫ್ರಾನ್ಸಿನಲ್ಲಿ ೧೮೧೧ರಿಂದಲೂ, ಲೈಪ್ಸಿಗ್ ನಗರದಲ್ಲಿ ಹೋಫ್‌ಮೈಸ್ಟರನ ಮಾಸಿಕ ಪಟ್ಟಿಗಳ ಮೂಲಕ ೧೮೨೯ರಿಂದಲೂ ಇಂತಹ ಪ್ರಕಟಣೆಗಳು ಕ್ರಮವಾಗಿ ದೊರೆಯುತ್ತವೆ.

ಈ ಶೋಧನೆಯ ಪ್ರಯೋಜನವು ಮೌರೊ ಜೂಲ್ಯಾನಿಯ ಉದಾಹರಣೆಯಿಂದ ವಿಶದವಾಗುತ್ತದೆ. ಹಳೆಯ ಚರಿತ್ರಕೋಶಗಳು ಒಂದನ್ನೊಂದು ಅನುಸರಿಸಿ ಆತನನ್ನು ಬೊಲೋನ್ಯಾದವನೆಂದುವು. ಆತನು ೧೭೮೧ರಲ್ಲಿ ದಕ್ಷಿಣ ಇಟಲಿಯ ಬಿಶೇಲ್ಯೆಯಲ್ಲಿ ಹುಟ್ಟಿದನೆಂದು ಈಚಿನ ಸಂಶೋಧನೆಯಿಂದ ಸ್ಥಿರಪಟ್ಟಿದೆ. ಆತನು ೧೮೦೬ರಲ್ಲಿ ವಿಯೆನ್ನಾಕ್ಕೆ ಬಂದನು. ಕೃತಿಸಂಖ್ಯೆ ೩೦ ಎಂದು ಗುರುತಿಸಲಾಗಿರುವ ಆತನ ವಾದ್ಯವೃಂದಸಹಿತ ಗಿಟಾರ್ ಕೃತಿಯು ೧೮೦೮ರಲ್ಲಿಯೇ ಅಲ್ಲಿನ ಸಭೆಯಲ್ಲಿ ಕೇಳಿಬಂದಿತು. ಕೃತಿಸಂಖ್ಯೆ ೧ ಎಂಬ ಅಭ್ಯಾಸಗ್ರಂಥವನ್ನಾದರೋ ಆರ್ತಾರಿಯಾ ಸಂಸ್ಥೆಯು ೧೮೧೨ರಲ್ಲಿ ಪ್ರಕಟಿಸಿತು. ಸಂಖ್ಯೆಯನ್ನೇ ನಂಬಿ ಆ ಗ್ರಂಥವನ್ನು ತಾರುಣ್ಯದ ಪ್ರಥಮ ಪ್ರಯತ್ನವೆಂದು ಭಾವಿಸುವ ವಿಮರ್ಶಕನು, ನುರಿತ ಬೋಧಕನ ಕೃತಿಯಲ್ಲಿ ಎಳೆತನವನ್ನು ಹುಡುಕಿದಂತಾಗುವುದು. ಶೈಲಿಯ ವಿಕಾಸವನ್ನು ಕುರಿತ ವಾದವೆಲ್ಲವೂ ಕಾಲಕ್ರಮವನ್ನು ಅವಲಂಬಿಸಿದೆ.

ಅಚ್ಚಿನ ಸಾಕ್ಷ್ಯಕ್ಕೂ ಒಂದು ಮೇರೆಯುಂಟು. ಮ್ಯಾಂಡೊಲಿನ್ನಿನ ಚರಿತ್ರೆಯು ಅದನ್ನು ತೋರಿಸುತ್ತದೆ. ಪ್ಯಾರಿಸ್ಸಿನಲ್ಲಿ ೧೭೬೮ರಲ್ಲಿ ಲೆಯೋನೆ ಮತ್ತು ದೆನಿ ಎಂಬವರ ಶಿಕ್ಷಣಗ್ರಂಥಗಳು ಹೊರಬಿದ್ದುದರಿಂದ ಆ ನಗರದಲ್ಲಿ ವಾದ್ಯಕ್ಕಿದ್ದ ಆದರವು ತಿಳಿಯುತ್ತದೆ. ಆದರೆ ಬೇಥೋವನ್ ೧೭೯೬ರ ಸುಮಾರಿನಲ್ಲಿ ಈ ವಾದ್ಯಕ್ಕಾಗಿ ರಚಿಸಿದ ಕೃತಿಗಳಲ್ಲಿ ಉಳಿದಿರುವ ನಾಲ್ಕೂ ಆತನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಪ್ರಕಾಶಕರ ಪಟ್ಟಿಗಳನ್ನಷ್ಟೇ ನೋಡುವವನಿಗೆ ಅವು ಇದ್ದುವೆಂಬುದೇ ತಿಳಿಯುತ್ತಿರಲಿಲ್ಲ.

ಆದಕಾರಣ ಖಾಸಗಿ ಸಂಗ್ರಹಗಳ ಬೆಲೆಯು ಹೆಚ್ಚಿನದು. ಸ್ವೀಡನ್ನಿನ ಬೋಯೆ (೧೮೪೯–೧೯೨೩) ಎಂಬಾತನು ಕೂಡಿಟ್ಟ ಗಿಟಾರ್ ಕೃತಿಗಳು ಸ್ಟಾಕ್‌ಹೋಮಿನ ಸಂಗೀತ ಗ್ರಂಥಾಲಯವನ್ನು ಸೇರಿ ವಿದ್ವಾಂಸರಿಗೆ ಲಭ್ಯವಾದುವು. ಕಾಲವಿಲ್ಲದ ಹಾಳೆಯನ್ನು ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡಿದಲ್ಲದೆ ಅದರ ಸಾಕ್ಷ್ಯವು ಪೂರ್ಣವಾಗದು. ಪ್ರತಿಗಳು ಉಳಿದರೆ ಮಾತ್ರ ಹೋಲಿಕೆಯು ಸಾಧ್ಯ.