ಸಂಜೆ ಏಳರ ಮೇಲೆ ಹುಡುಗರು ಎಲ್ಲಿಗೆ ಹೋಗಬೇಕು?

ಧಾರವಾಡ: ಪರೀಕ್ಷೆ ಮುಗಿದರೆ ಪಾರ್ಟಿ, ನಪಾಸಾದರೂ ಪಾರ್ಟಿ. ಗೆಳೆಯನ ಹುಟ್ಟುಹಬ್ಬ ಬಂತೆಂದರೆ ಕೇಳಲೇಬೇಡಿ! ಪಾರ್ಟಿ ಅಂದರೆ ‘ಗುಂಡು’ ಎಂಬ ಅರ್ಥ ಕಾಲೇಜು ಹುಡುಗರ ನಿಘಂಟಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಅಪ್ಪ ಜೋಳ ಮಾರಿ ಕಳಿಸಿದ ದುಡ್ಡು ಕಿಸೆಯಲ್ಲಿ. ಇರುವುದು ಬಾಡಿಗೆ ಖೋಲಿ. ಸಂಜೆ ಏಳಾಯಿತೆಂದರೆ ಮೈದಾನದಲ್ಲಿ ಕತ್ತಲು, ಪುಸ್ತಕದ ಕಪಾಟಿಗೆ ಬೀಗ. ಝಗಮಗ ಬೆಳಕು ಬಾರಿನದು ಮಾತ್ರ. ಮೊದಲ ಗ್ಲಾಸು ಹಿಡಿಯುವವನಿಗೆ ಬಹಳ ಸಲ ಬೇಕಾಗಿರುವುದು ಹೆಂಡವಲ್ಲ, ಜೊತೆ. ‘ಲೇ, ಒಂದ ಪೆಗ್ ತಗೊಂಡ್ರ ಏನಾಗ್ತದೋ?’ ಅಂದವನೆದುರು ‘ಒಲ್ಲೆ’ ಅನ್ನಲು ಹತ್ತೊಂಬತ್ತರ ಹುಡುಗನಿಗೆ ಎದೆಗಾರಿಕೆ ಬೇಕು.

ಏನಾಗ್ತದೆ, ಲೆಕ್ಕ ನೋಡಿ. 60 ಮಿಲಿಯ ದೊಡ್ಡ ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲು. ಅದನ್ನು ಕರಗಿಸಲು ಲಿವರಿಗೆ ಎರಡು ತಾಸಿನ ಮೇಲೆ ಬೇಕು. ಲಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದಕ್ಕೂ ಈ ಹೊತ್ತು ಕಡಿಮೆಯಾಗದು. ಮೂರು ಪೆಗ್ ಏರಿಸಿ ಹುಬ್ಬಳ್ಳಿ ರಸ್ತೆಗೆ ಬೈಕ್ ಇಳಿಸುವವರು ಇದನ್ನು ಬಲ್ಲರೇ?

ಕಾನೂನು ಇದೆಯಲ್ಲ ಅನ್ನಬಹುದು. 1967ರ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂತು, ಜನ ವಿರೋಧಿಸಿದ ಮೇಲೆ ವಾಪಸ್ಸಾಯಿತು. ಆದರೆ ಕೌಂಟರಿನಲ್ಲಿ ಹುಡುಗನ ವಯಸ್ಸು ಕೇಳುವವರು ಯಾರು?

ಹಾಗಾದರೆ ಆ ಮೂರು ತಾಸು ಏನು ಮಾಡಬೇಕು? ನಾಟಕದ ತಾಲೀಮು ನಡೆಯುವುದೇ ಆ ಹೊತ್ತಿಗೆ. ಕುಡಿದು ಬಂದವನಿಗೆ ಮಾತು ಮರೆಯುತ್ತದೆ, ಎಲ್ಲರೆದುರು ಮರ್ಯಾದೆ ಹೋಗುತ್ತದೆ. ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಧಾರವಾಡಕ್ಕೆ ಇದರಲ್ಲಿ ಬಡತನವೇ? 1890ರ ವಿದ್ಯಾವರ್ಧಕ ಸಂಘವಿದೆ, ಸೃಜನಾ ರಂಗಮಂದಿರವಿದೆ. ಆದರೆ ಸಭೆಯಲ್ಲಿ ಕೂತವರ ತಲೆ ನೋಡಿ, ನರೆತವೇ ಹೆಚ್ಚು! ಹುಡುಗರನ್ನು ಕುರ್ಚಿ ತುಂಬಲು ಕರೆದರೆ ಬರುವುದಿಲ್ಲ. ಪರದೆ, ದೀಪ, ಟಿಕೆಟ್ಟಿನ ಜವಾಬ್ದಾರಿ ಅವರ ಕೈಗೇ ಕೊಡಬೇಕು.

ನಾಟಕ ಒಲ್ಲದವರಿಗೆ ಹಾಸ್ಟೆಲ್ ಅಂಗಳದಲ್ಲಿ ಎರಡು ದೀಪ, ಒಂದು ಬಲೆ ಸಾಕು. ಶಟಲ್ ಆಟ ರಾತ್ರಿ ಒಂಬತ್ತರವರೆಗೆ ನಡೆದೀತು. ಪಾರ್ಟಿಯೇ ಬೇಕೆಂದರೆ ಗಿರಮಿಟ್ಟು, ಮಿರ್ಚಿ, ಚಹಾ ಇಲ್ಲವೇ? ಒಂದು ಬಾಟಲಿಯ ದುಡ್ಡಿನಲ್ಲಿ ಇಡೀ ಗುಂಪು ಹೊಟ್ಟೆ ತುಂಬಿಸಿಕೊಂಡೀತು, ಅಂಗಡಿಯವನಿಗೂ ವ್ಯಾಪಾರ.

ಬೆಳಿಗ್ಗೆ ಕೈ ನಡುಗುವ ಹಂತ ಮುಟ್ಟಿದವನ ಮಾತು ಬೇರೆ. ಅವನ ಕೈಗೆ ಶಟಲ್ ಬ್ಯಾಟು ಕೊಟ್ಟರೆ ಸಾಲದು. ಒಮ್ಮೆಲೇ ಬಿಡಿಸಿದರೆ ಜೀವಕ್ಕೇ ಅಪಾಯ ಬರಬಹುದು, ಡಾಕ್ಟರೇ ಬೇಕು. ಊರಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ವ್ಯಸನ ಬಿಡಿಸುವ ಸಹಾಯಕ್ಕೆ 14446 ನಂಬರಿಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.